ಓಗೊಡಲಿಲ್ಲ ಎಂಬ ಘಟನೆ

ಮಾರ್ಚ್ 3, ಸೋಮವಾರ

ಬಸ್ಸಿನಲ್ಲಿ ಕಿಟಕಿಯ ಸೀಟು. ಆಫೀಸಿಗೆ ಎಲ್ಲರಿಗಿಂತ ಮೊದಲೇ. ಟೀ ಯಂತ್ರ ಇನ್ನೂ ಕೆಟ್ಟೇ ಇದೆ. ಅದರ ಮೇಲೆ ‘ದೂರು ದಾಖಲಿಸಲಾಗಿದೆ’ ಎಂಬ ಚೀಟಿ. ಯಾರು ದಾಖಲಿಸಿದರು, ಎಲ್ಲಿ, ಓದಿದವರು ಯಾರು... ಆ ಚೀಟಿಯೇ ಬಲ್ಲದು.

ಹೊಸ ಕನ್ಸಲ್ಟೆಂಟ್ ಬಂದಿದ್ದಾರೆ. ಬಾಯಿ ತೆರೆಯುವ ಮೊದಲು ಬೋರ್ಡಿನ ಮೇಲೆ ಡಬ್ಬಿ ಬರೆಯುತ್ತಾರೆ, ಡಬ್ಬಿಯಿಂದ ಡಬ್ಬಿಗೆ ಬಾಣ. ಹುಡುಗರು ಆಗಲೇ ಹೆಸರಿಟ್ಟಾಯಿತು — ವೈಟ್‌ಬೋರ್ಡ್. ನನಗಿಟ್ಟ ಹೆಸರು ಆರ್ಕೈವ್, ಹಳೆಯ ಕಡತಗಳ ಕೋಣೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ.

ಜಲಮಂಡಳಿಯ ಇಡೀ ವೆಬ್ ಅಪ್ಲಿಕೇಶನ್ ಬದಲಾಗಲಿದೆಯಂತೆ. ಬಿಲ್ಲು, ದೂರು, ಪಂಪ್‌ಹೌಸು, ನೀರಿಗೆ ಹಾಕುವ ಔಷಧಿಯ ಲೆಕ್ಕ, ಎಲ್ಲವೂ. ಹೊಸ ಮಂತ್ರ: ಈವೆಂಟ್-ಡ್ರಿವನ್. ವೈಟ್‌ಬೋರ್ಡ್ ಬಿಡಿಸಿ ಹೇಳಿದರು.

“ಈಗ ನಿಮ್ಮ ಸಿಸ್ಟಮ್ ಹೇಗಿದೆ ಗೊತ್ತಾ? ಒಬ್ಬ ಇನ್ನೊಬ್ಬನಿಗೆ ಫೋನ್ ಮಾಡ್ತಾನೆ. ಅವನು ಎತ್ತೋವರೆಗೂ ಇವನು ಕೈಕಟ್ಟಿ ನಿಂತಿರ್ತಾನೆ. ಹೊಸದ್ರಲ್ಲಿ ಯಾರೂ ಯಾರಿಗೂ ಕಾಯೋದಿಲ್ಲ. ಏನಾಯ್ತೋ ಅದನ್ನ ಒಂದ್ಸಲ ಕೂಗಿ ಹೇಳೋದು. ‘ಬಿಲ್ ಕಟ್ಟಿದ್ರು.’ ‘ಡೋಸ್ ಬದಲಾಯ್ತು.’ ಅದೇ ಈವೆಂಟ್. ಬೇಕಾದವರು ಕಿವಿಗೊಟ್ಟಿರ್ತಾರೆ, ಕೇಳಿಸ್ಕೊಂಡು ತಮ್ಮ ಪಾಡಿಗೆ ಕೆಲಸ ಮಾಡ್ಕೋತಾರೆ.”

“ಡಂಗುರ,” ಅಂದೆ.

“ಏನು ಮೇಡಂ?”

“ಡಂಗುರ ಸಾರೋದು. ಸಾರಿದವನು ಮುಂದಿನ ಬೀದಿಗೆ ಹೋಗ್ತಾನೆ. ಯಾರಿಗೆ ಕೇಳಿಸ್ತು ಅಂತ ನಿಂತು ನೋಡೋದಿಲ್ಲ.”

“ಕರೆಕ್ಟ್! ಅದೇ ಇದರ ಬ್ಯೂಟಿ.”

ಒಪ್ಪಬೇಕು, ಚೆನ್ನಾಗಿದೆ. ನನ್ನ ಹಳೆಯ ಪ್ರೋಗ್ರಾಮ್ ಒಂದೇ ಹಗ್ಗಕ್ಕೆ ಕಟ್ಟಿದ ದನಗಳ ಸಾಲು. ಇಲ್ಲಿ ಬಿಲ್ಲಿನ ಪ್ರಿಂಟರ್‌ನಲ್ಲಿ ಕಾಗದ ಮುಗಿದರೆ ಅಲ್ಲಿ ಊರಾಚೆ ಶುದ್ಧೀಕರಣ ಘಟಕದ ಕೆಮಿಸ್ಟ್ ಪರದೆಯ ಮುಂದೆ ಆಕಳಿಸುತ್ತ ಕೂರಬೇಕು. ಬಿಚ್ಚುವುದೇ ಸರಿ. ಮುದುಕಿ ತಕರಾರು ತೆಗೆಯುತ್ತಾಳೆಂದು ಮ್ಯಾನೇಜರ್ ಕಾದಿದ್ದರು. ನಿರಾಸೆ ಮಾಡಿದೆ.

ಮಾರ್ಚ್ 4, ಮಂಗಳವಾರ

ಅರ್ಧ ದಿನ ರಜೆ. ಭಾವನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ಸರದಿ ನನ್ನದು. ಗುರುವಾರ, ಶನಿವಾರ ಅಕ್ಕನದು.

ಭಾವ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವರು. ಊರಿನ ಅರ್ಧಕ್ಕರ್ಧ ಜನರ ಕಿವಿ ಹಿಂಡಿದ ಕೈ. ಈಗ ಅದೇ ಕೈಗೆ ಎರಡು ಸೂಜಿ. ರಕ್ತ ಹೊರಹೋಗಿ, ತೊಳೆದು, ಒಳಬರುತ್ತದೆ. ಅವರು ಸುಮ್ಮನೆ ಮಲಗಿ ಉಳಿದ ರೋಗಿಗಳಿಗೆ ಉಸಿರಾಟ ಹೇಳಿಕೊಡುತ್ತಾರೆ, ಯಾರೂ ಕೇಳದಿದ್ದರೂ.

ಈವೆಂಟ್ ವಿಷಯ ಹೇಳಿದೆ.

“ಅಂದ್ರೆ ನಾದಿನಿ, ಅಸೆಂಬ್ಲೀಲಿ ನಾನು ‘ಸಾವಧಾನ್’ ಅಂತ ಕೂಗಿ, ಯಾರು ನೆಟ್ಟಗೆ ನಿಂತ್ರು ಅಂತ ನೋಡದೆ ಮನೆಗೆ ಹೋಗೋದು?”

“ಹಾಗೇ ಅಂದ್ಕೊಳ್ಳಿ ಭಾವ.”

“ಪಾಪದ ಮೇಷ್ಟ್ರು ಆಗಿಬಿಡ್ತಿದ್ದೆ.”

ಸಿಸ್ಟರ್ ಬಂದು ಗದರಿದರು. ನಕ್ಕರೆ ಸೂಜಿ ಅಲುಗುತ್ತದಂತೆ.

ಮಾರ್ಚ್ 6, ಗುರುವಾರ

ಕೋಪ ಇನ್ನೂ ಇಳಿದಿಲ್ಲ. ಅಕ್ಷರ ಸೊಟ್ಟ. ಇರಲಿ.

ಗೋಡೆಯ ತುಂಬ ಡಬ್ಬಿಗಳು. ‘ಡೋಸ್ ಬದಲಾಯಿತು’ ಎಂಬ ಈವೆಂಟಿಗೆ ಯಾರು ಯಾರು ಕಿವಿಗೊಟ್ಟಿದ್ದಾರೆ? ಬಿಲ್ಲಿಂಗ್. ಡ್ಯಾಶ್‌ಬೋರ್ಡ್. ತಿಂಗಳ ವರದಿ. ಗ್ರಾಫು. ಮುಗಿಯಿತು. ಡಯಾಲಿಸಿಸ್ ಕೇಂದ್ರಗಳ ಸುಳಿವೇ ಇಲ್ಲ.

ಹಳೆಯದರಲ್ಲಿ ಇತ್ತು. ಕೆಮಿಸ್ಟ್ ಡೋಸ್ ಬದಲಿಸಿದ ಕೂಡಲೇ ಪರದೆಯ ನಡುವೆ ಒಂದು ಚೌಕ: ‘ಡಯಾಲಿಸಿಸ್ ಕೇಂದ್ರಗಳಿಗೆ ಫೋನ್ ಮಾಡಿದಿರಾ? ಎತ್ತಿದವರ ಹೆಸರು?’ ಹೆಸರು ತುಂಬದೆ ಮುಂದೆ ಹೋಗಲಾಗದು. ನಾನೇ ಬರೆದದ್ದು.

“ಅದು ಪಾಪ್‌ಅಪ್ ಮೇಡಂ,” ಎಂದರು ವೈಟ್‌ಬೋರ್ಡ್. “ಸ್ಕ್ರೀನ್ ವಿಷಯ. ನಾವು ಬಿಸಿನೆಸ್ ಲಾಜಿಕ್ ಮಾತ್ರ ತಗೊಂಡ್ವಿ.”

ಸ್ಕ್ರೀನ್ ವಿಷಯ!

ಕೆಲಸಕ್ಕೆ ಸೇರಿದ ಹೊಸತು. ಪ್ರವಾಹದ ವರ್ಷ. ನದಿ ಕೆಸರಾಯಿತು, ಘಟಕದಲ್ಲಿ ಔಷಧಿ ಏರಿಸಿದರು. ಸರಿಯಾದ ಕೆಲಸವೇ. ಕುಡಿದರೆ ಅದರಿಂದ ಏನೂ ಆಗದು. ಆದರೆ ಡಯಾಲಿಸಿಸ್‌ನಲ್ಲಿ ನೀರು ಹರಿಯುವುದು ರಕ್ತದ ಪಕ್ಕದಲ್ಲೇ, ನಡುವೆ ಒಂದು ತೆಳು ಪೊರೆ. ಕ್ಲೋರಿನ್ — ಅಮೋನಿಯಾ ಬೆರೆತದ್ದಾದರೆ ಇನ್ನೂ ಕೆಟ್ಟದು — ಅದನ್ನು ದಾಟಿದರೆ ರಕ್ತಕಣ ಒಡೆಯುತ್ತವೆ. ಕೇಂದ್ರಗಳಲ್ಲಿ ಇದ್ದಿಲಿನ ಫಿಲ್ಟರ್ ಇರುತ್ತದೆ, ನಿಜ. ಪ್ರಮಾಣ ಏರಿದರೆ ಅದೂ ಸೋಲುತ್ತದೆ. ಅಂದು ಯಾರೂ ಅವರಿಗೆ ಹೇಳಲಿಲ್ಲ. ಮೂವರು ಹೋದರು. ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಸುದ್ದಿ, ಪಕ್ಕದಲ್ಲಿ ಸೀರೆಯ ಜಾಹೀರಾತು. ಸಮಿತಿ ಕೂತಿತು. ವರದಿ ಬಂತು. ಕಾರಣ: ‘ಕಮ್ಯುನಿಕೇಶನ್ ಗ್ಯಾಪ್.’

ಮೂರು ಮನೆಗಳಲ್ಲಿ ಅಷ್ಟು ದೊಡ್ಡ ಗ್ಯಾಪ್.

ಇದನ್ನೆಲ್ಲ ಹೇಳಿದೆ. ಮ್ಯಾನೇಜರ್ ವಾಚು ನೋಡಿಕೊಂಡು “ನೋಟ್ ಮಾಡ್ಕೊಂಡಿದೀವಿ ಮೇಡಂ” ಎಂದರು. ಪೆನ್ನಿನ ಕ್ಯಾಪು ತೆಗೆದಿರಲಿಲ್ಲ.

ಮಾರ್ಚ್ 7, ಶುಕ್ರವಾರ

ಇಯರ್‌ಫೋನ್ ಬಂದು ಕುರ್ಚಿ ಎಳೆದುಕೊಂಡು ಕೂತಳು. ಅವಳಿ ಮಕ್ಕಳ ತಾಯಿ, ತಂಡದಲ್ಲೇ ಒಳ್ಳೆಯ ಪ್ರೋಗ್ರಾಮರ್. ಮನೆಯ ಗಲಾಟೆ ಅಭ್ಯಾಸವಾಗಿ, ಆಫೀಸಿನ ಮೌನಕ್ಕೆ ಹೆದರಿ, ಸದಾ ಕಿವಿಯಲ್ಲಿ ಹಾಡು.

“ಮೇಡಂ, ನಿನ್ನೆ ನಿದ್ದೆ ಬರ್ಲಿಲ್ಲ. ಒಂದು ಲಿಸನರ್ ಬರೆದೆ, ಈವೆಂಟಿಗೆ ಕಿವಿಗೊಡೋ ಪ್ರೋಗ್ರಾಮ್. ಡೋಸ್ ಬದಲಾದ್ರೆ ಎಲ್ಲ ಸೆಂಟರ್‌ಗೂ ಎಸ್‌ಎಂಎಸ್.”

ಅಪ್ಪಿಕೊಳ್ಳಬೇಕೆನಿಸಿತು. ಪರೀಕ್ಷೆಗೆ ನನ್ನ ನಂಬರ್ ಹಾಕಿಸಿದೆ. ಕಳಿಸಿದಳು. ಪರದೆಯಲ್ಲಿ ಹಸಿರು ಟಿಕ್.

“ಬಂತಾ ಮೇಡಂ?”

ನನ್ನ ಫೋನ್ ಎತ್ತಿ ತೋರಿಸಿದೆ. ಸ್ವಿಚ್ ಆಫ್ ಮಾಡಿ ಇಟ್ಟಿದ್ದೆ.

ಹಸಿರು ಹಸಿರಾಗಿಯೇ ಇತ್ತು. ಹಸಿರು ಅಂದರೆ ನಮ್ಮ ಕೈ ದಾಟಿತು ಎಂದಷ್ಟೇ. ಅವರ ಕೈ ಸೇರಿತು ಎಂದಲ್ಲ. ಅಂಚೆ ಡಬ್ಬಿಗೆ ಕಾಗದ ಹಾಕಿ ಬಂದು, ಮದುವೆ ನಿಶ್ಚಯವಾಯಿತು ಎಂದ ಹಾಗೆ.

ಮ್ಯಾನೇಜರ್‌ಗೆ ಅಷ್ಟು ಸಾಕಂತೆ. “ತಿಳಿಸಲಾಗಿದೆ ಅಂತ ರೆಕಾರ್ಡ್ ಇರುತ್ತಲ್ಲ ಮೇಡಂ.” ಈ ‘ಲಾಗಿದೆ’ಯನ್ನು ಕಂಡುಹಿಡಿದವನ ಕೈಗೆ ಒಂದು ಕೆಲಸ ಕೊಟ್ಟು ನೋಡಬೇಕು. ಅದರ ಹಿಂದೆ ಎಷ್ಟು ಜನ ಬೇಕಾದರೂ ಅಡಗಬಹುದು.

ಮಾರ್ಚ್ 12, ಬುಧವಾರ

ಶುದ್ಧೀಕರಣ ಘಟಕಕ್ಕೆ ಹೋಗಿದ್ದೆ. ಕೆಮಿಸ್ಟ್ ನನ್ನ ಪರ ನಿಂತರೆ ಹಳೆಯ ಚೌಕವನ್ನೇ ಮತ್ತೆ ತರಿಸೋಣ ಎಂಬ ಲೆಕ್ಕ. ಫೋನ್ ಎತ್ತುವವರೆಗೂ ಡೋಸ್ ಬದಲಾಗಕೂಡದು.

ದೊಡ್ಡ ತೊಟ್ಟಿಗಳ ಪಕ್ಕ ಗಾಜಿನ ಕೋಣೆ. ಮೂಗಿಗೆ ಖಾರ ಹೊಡೆಯುವ ವಾಸನೆ. ಕೆಮಿಸ್ಟ್ ಟೀ ಕೊಟ್ಟು, ಎಲ್ಲ ಕೇಳಿ, ಕಿವಿ ತುರಿಸಿಕೊಂಡ.

“ಮೇಡಂ, ಬೇಜಾರ್ ಮಾಡ್ಕೋಬೇಡಿ. ಆ ಚೌಕದಲ್ಲಿ ನಾವು ಚುಕ್ಕಿ ಹಾಕ್ತಿದ್ವಿ.”

“ಏನು?”

“ಹೆಸರಿನ ಜಾಗದಲ್ಲಿ ಒಂದು ಚುಕ್ಕಿ. ಚುಕ್ಕಿ ಹಾಕಿದ್ರೂ ಮುಂದಕ್ಕೆ ಹೋಗುತ್ತೆ. ನಾನು ಬಂದಾಗಿಂದ ಹೀಗೇ. ನನಗಿಂತ ಹಿಂದಿನವರು ಹೇಳಿಕೊಟ್ಟಿದ್ದು.”

ಟೀ ಲೋಟ ಕೆಳಗಿಟ್ಟೆ. ಅವನೇ ಮುಂದುವರಿಸಿದ. ದನಿಯಲ್ಲಿ ನಾಚಿಕೆ ಇಲ್ಲ, ಜಗಳವೂ ಇಲ್ಲ.

“ನೀವೇ ಯೋಚ್ನೆ ಮಾಡಿ. ನದೀಲಿ ಹೊಲಸು ಬರ್ತಿದೆ. ಒಂದೊಂದು ನಿಮಿಷಾನೂ ಊರಿಗೆ ಹೋಗ್ತಿರೋ ನೀರು. ಯಾವುದೋ ಸೆಂಟರ್‌ನವರು ಫೋನ್ ಎತ್ತಲಿಲ್ಲ ಅಂತ ನಾನು ಔಷಧಿ ಹಾಕದೆ ಕೂರ್ಲಾ? ಊರಿಗೆಲ್ಲ ಕಾಲರಾ ಹಂಚ್ಲಾ? ಅವರನ್ನ ಉಳಿಸೋಕೆ ಇವರನ್ನ ಕೊಲ್ಲೋದಾ?”

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹೊರಗೆ ನೋಡಲಿಲ್ಲ.

ಅವನು ಸರಿ. ಕಾಯಿಸಕೂಡದು. ವೈಟ್‌ಬೋರ್ಡ್ ಕೂಡ ಸರಿ. ಆದರೂ ಕೂಗಿ ಹೋಗಿಬಿಡುವುದು ಸರಿಯಲ್ಲ. ಇವೆರಡರ ನಡುವೆ ಮೂರನೆಯದು ಇರಲೇಬೇಕು. ಇದೆ. ನನಗೆ ಕಾಣುತ್ತಿಲ್ಲ ಅಷ್ಟೇ.

ಮಾರ್ಚ್ 13, ಗುರುವಾರ

ರಿವ್ಯೂ. ಎಸ್‌ಎಂಎಸ್ ಸಾಲದು ಎಂದೆ. “ಹಾಗಾದ್ರೆ ಏನು ಮಾಡ್ಬೇಕು ಹೇಳಿ” ಎಂದರು ಮ್ಯಾನೇಜರ್. ಉತ್ತರ ಇಲ್ಲದೆ ದನಿ ಏರಿಸಿದೆ. ತಪ್ಪು.

ಸಂಜೆ ಮೇಲ್: ಪ್ರಾಜೆಕ್ಟಿನಿಂದ ಡಾಕ್ಯುಮೆಂಟೇಶನ್‌ಗೆ ವರ್ಗ. ‘ಅವರ ಅಪಾರ ನೆನಪಿನ ಶಕ್ತಿಯ ಸದುಪಯೋಗಕ್ಕಾಗಿ.’

ಏಪ್ರಿಲ್ 2, ಬುಧವಾರ

ಬರೆಯಲು ಏನೂ ಇರಲಿಲ್ಲ. ಯಾರೂ ಓದದ ಕೈಪಿಡಿ ಬರೆಯುತ್ತ ಕೂತವಳಿಗೆ ಮನೆಗೆ ಬಂದು ಯಾರೂ ಓದದ ದಿನಚರಿ ಬರೆಯಲು ಮನಸ್ಸಾಗಲಿಲ್ಲ.

ಗ್ರಂಥಾಲಯದಿಂದ ನಾಲ್ಕು ಪುಸ್ತಕ ತಂದೆ. ಎರಡು ಈವೆಂಟಿನವು, ಒಂದು ರೈಲ್ವೆ ಸಿಗ್ನಲ್ಲಿನ ಇತಿಹಾಸ, ಒಂದು ಹಡಗಿನವರ ದೀಪ-ಬಾವುಟದ ಭಾಷೆ. ಎಲ್ಲಿಯೋ ಒಬ್ಬರು ಇದನ್ನು ಯೋಚಿಸಿಯೇ ಇರುತ್ತಾರೆ.

ಏಪ್ರಿಲ್ 6, ಭಾನುವಾರ

ಸಿಕ್ಕಿತು! ಪುಸ್ತಕದಲ್ಲಲ್ಲ.

ಮಹಡಿಯಲ್ಲಿ ಓದುತ್ತಿದ್ದೆ. ಕೆಳಗಿನಿಂದ ಅಕ್ಕ “ಊಟಕ್ಕೆ ಬಾರೇ” ಎಂದು ಕೂಗಿದ್ದಾಳೆ. ಕೇಳಿಸಿಲ್ಲ. ಮತ್ತೆ ಕೂಗಿದ್ದಾಳೆ. ಆಮೇಲೆ ನೋಡುತ್ತೇನೆ, ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ.

“ಕರೆದ್ರೆ ಓ ಅನ್ನೋಕೆ ಏನ್ ದಾಡಿ ನಿಂಗೆ?”

“ಕೇಳಿಸ್ಲಿಲ್ಲ ಕಣೆ.”

“ಅದಕ್ಕೇ ಹತ್ತಿ ಬಂದೆ, ಮಂಡಿ ನೋವಲ್ಲೂ.”

“ಅಲ್ಲಿವರೆಗೆ ಏನ್ ಮಾಡ್ತಿದ್ದೆ?”

“ಏನ್ ಮಾಡೋದು? ಒಗ್ಗರಣೆ ಹಾಕ್ತಿದ್ದೆ. ನಿನಗೋಸ್ಕರ ಎಣ್ಣೆ ಸೀದುಹೋಗ್ಲಾ?”

ಕುರ್ಚಿಯಿಂದ ಜಿಗಿದೆ. ಅವಳು ಬೆದರಿ ಎರಡು ಮೆಟ್ಟಿಲು ಇಳಿದಳು.

ಅಕ್ಕ ಕೂಗಿದಳು. ಕಾಯುತ್ತ ನಿಲ್ಲಲಿಲ್ಲ, ಒಲೆಯ ಕೆಲಸ ನಡೆದೇ ಇತ್ತು. ಮರೆಯಲೂ ಇಲ್ಲ. ಇಷ್ಟು ಹೊತ್ತಾದರೂ ಓ ಬರಲಿಲ್ಲ ಎಂಬುದೇ ಅವಳಿಗೆ ಒಂದು ಸುದ್ದಿಯಾಯಿತು. ಆ ಸುದ್ದಿಗೆ ಎದ್ದು ಬಂದಳು.

ಘಟನೆ ಅಂದರೆ ಆದದ್ದು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆಗಬೇಕಾದದ್ದು ಆಗದೆ ಹೋದದ್ದೂ ಘಟನೆಯೇ. ಅದಕ್ಕೂ ಒಂದು ಹೆಸರಿಟ್ಟು, ಅದನ್ನೂ ಕೂಗಿ ಹೇಳಬೇಕು.

ಏಪ್ರಿಲ್ 7, ಸೋಮವಾರ

ಊಟದ ವೇಳೆ ಇಯರ್‌ಫೋನ್‌ಳನ್ನು ಹಿಡಿದೆ.

“ಡೋಸ್ ಬದಲಾಗಲಿ. ಕೆಮಿಸ್ಟನ್ನ ತಡೆಯೋದು ಬೇಡ. ಸೆಂಟರ್‌ನವರಿಗೆ ಮೆಸೇಜ್ ಹೋಗುತ್ತೆ. ಅವರು ಆಗಲೇ ಫಿಲ್ಟರ್ ದಾಟಿದ ನೀರಿಗೆ ಪರೀಕ್ಷೆಯ ಪಟ್ಟಿ ಅದ್ದಿ, ಬಣ್ಣ ಬಂತೋ ಇಲ್ವೋ ಅಂತ ಫೋಟೋ ಕಳಿಸ್ಬೇಕು. ಚುಕ್ಕಿ ಹಾಕೋ ಆಟ ನಡೀಬಾರದು. ಹತ್ತು ನಿಮಿಷದಲ್ಲಿ ಬರ್ಲಿಲ್ವೋ, ಸಿಸ್ಟಮ್ಮೇ ಹೊಸ ಈವೆಂಟ್ ಕೂಗ್ಬೇಕು.”

“ಏನಂತ?”

“ಓಗೊಡಲಿಲ್ಲ.”

ಅವಳು ಒಂದು ಕಿವಿಯ ಹಾಡು ತೆಗೆದಳು. ಆಮೇಲೆ ಇನ್ನೊಂದು.

“ಆ ಈವೆಂಟಿಗೆ ಕಿವಿಗೊಟ್ಟವರು ಸೆಂಟರ್‌ನ ಲ್ಯಾಂಡ್‌ಲೈನಿಗೆ ಮಾಡ್ತಾರೆ,” ಎಂದಳು ಮೆಲ್ಲಗೆ. “ಅದೂ ಎತ್ತದಿದ್ರೆ ಮತ್ತೆ ‘ಓಗೊಡಲಿಲ್ಲ’... ಮೇಲ್ವಿಚಾರಕರಿಗೆ... ಮತ್ತೆ... ಮೇಡಂ, ಇದು ಮೆಟ್ಟಿಲು.”

“ಹೌದು. ಕೊನೆ ಮೆಟ್ಟಿಲಲ್ಲಿ ಒಬ್ಬ ಮನುಷ್ಯ. ಅವನು ಖುದ್ದಾಗಿ ಹೋಗ್ಬೇಕು.”

“ಮ್ಯಾನೇಜರ್ ಒಪ್ಪಲ್ಲ.”

“ಅವರಿಗೆ ಮಾತು ತೋರಿಸಿದೆ, ಸೋತೆ. ಈಸಲ ಕೆಲಸ ಮಾಡೋದನ್ನ ತೋರಿಸೋಣ.”

ಏಪ್ರಿಲ್ 16, ಬುಧವಾರ

ಓಡುತ್ತಿದೆ. ಊಟದ ಬಿಡುವುಗಳಲ್ಲೇ ಬರೆದೆವು. ಇಬ್ಬರೂ ತೂಕ ಇಳಿದಿದ್ದೇವೆ. ಅವಳಿಗೆ ಖುಷಿ, ನನಗೆ ಹಸಿವು.

ವೈಟ್‌ಬೋರ್ಡ್ ಹಿಂದಿನಿಂದ ಬಂದು ನಿಂತದ್ದು ಗೊತ್ತಾಗಲಿಲ್ಲ. ಬೈಯುತ್ತಾರೆಂದುಕೊಂಡೆ. ಬಹಳ ಹೊತ್ತು ನೋಡಿದರು. ಡಬ್ಬಿ ಬರೆಯಲಿಲ್ಲ.

“ಟೈಮರ್ ಎಲ್ಲಿಟ್ಟಿದೀರಿ?”

“ಮೆಮೊರೀಲಿ,” ಎಂದಳು ಇಯರ್‌ಫೋನ್.

“ನಡುವೆ ಸರ್ವರ್ ರೀಸ್ಟಾರ್ಟ್ ಆದ್ರೆ? ಯಾರಿಗೆ ಕಾಯ್ತಿದ್ದೆ ಅನ್ನೋದನ್ನೇ ಮರೆತುಬಿಡುತ್ತೆ. ಡೇಟಾಬೇಸ್‌ನಲ್ಲಿಡಿ. ಎದ್ದ ತಕ್ಷಣ ಓದ್ಕೊಳ್ಲಿ.” ಆಮೇಲೆ ನನ್ನ ಕಡೆ ತಿರುಗಿ, “ನೀವು ಈವೆಂಟ್-ಡ್ರಿವನ್‌ಗೆ ವಿರೋಧ ಅಂದ್ಕೊಂಡಿದ್ದೆ ಮೇಡಂ.”

“ನಾನು ಕಿವುಡುತನಕ್ಕೆ ವಿರೋಧ.”

ನಕ್ಕರು. ಒಳ್ಳೆಯ ಮನುಷ್ಯ. ಆ ರೀಸ್ಟಾರ್ಟಿನ ವಿಷಯ ನನಗೆ ಹೊಳೆದೇ ಇರಲಿಲ್ಲ.

ಏಪ್ರಿಲ್ 22, ಮಂಗಳವಾರ

ಮ್ಯಾನೇಜರ್: “ತುಂಬಾ ಚೆನ್ನಾಗಿದೆ. ಫೇಸ್ ಟೂನಲ್ಲಿ ಹಾಕೋಣ.”

ಎರಡನೇ ಹಂತ, ಫೇಸ್ ಟೂ ಎಂದರೆ ಏನೆಂದು ಈ ಕಟ್ಟಡದ ಗೋಡೆಗಳಿಗೂ ಗೊತ್ತು. ಪಾರ್ಕಿಂಗ್ ಫೇಸ್ ಟೂನಲ್ಲಿ ಇದೆ. ಮಹಿಳೆಯರ ವಿಶ್ರಾಂತಿ ಕೊಠಡಿ ಫೇಸ್ ಟೂನಲ್ಲಿ ಇದೆ. ನಾನು ಸೇರಿದಾಗ ಎಳೆಯರಾಗಿದ್ದವರು ಫೇಸ್ ಟೂ ಕಾಯುತ್ತ ನಿವೃತ್ತರಾದರು.

ನಿಜವಾದ ತೊಡಕು ಬೇರೆ. ಕೊನೆಯ ಮೆಟ್ಟಿಲಲ್ಲಿ ಯಾರ ನಂಬರ್? ಯಾರನ್ನು ಕೇಳಿದರೂ ಮಗಳ ಪರೀಕ್ಷೆ, ಮಾವನ ಕಣ್ಣು, ಮನೆ ದೂರ. ಹೆಸರು ಬರೆದರೆ ಹೊಣೆ ಬರುತ್ತದೆ. ಮ್ಯಾನೇಜರ್ ಹೆದರುವುದು ಅದಕ್ಕೇ.

“ನನ್ನ ನಂಬರ್ ಹಾಕಿ.”

“ಅದಕ್ಕೆ ಮೇಲಿನವರ ಆರ್ಡರ್ ಬೇಕು ಮೇಡಂ.”

ಮೇಲಿನವರು. ಸರಿ.

ಮೇ 2, ಶುಕ್ರವಾರ

ಮಂಡಳಿಯ ಗ್ರಾಹಕರ ಅಹವಾಲು ಸಭೆ. ನೌಕರರಿಗೆ ಮಾತಾಡುವ ಹಕ್ಕಿಲ್ಲ. ಆದರೆ ನಮ್ಮ ಮನೆಗೂ ನಲ್ಲಿ ಇದೆ, ನನ್ನ ಹೆಸರಿಗೇ ಬಿಲ್ಲು ಬರುತ್ತದೆ. ರಜೆ ಹಾಕಿ, ಬಿಲ್ಲು ಹಿಡಿದು, ಟೋಕನ್ ತೆಗೆದುಕೊಂಡು ಸಾಲಿನಲ್ಲಿ ಕೂತೆ. ವೇದಿಕೆಯ ಮೇಲೆ ಮಂಡಳಿಯ ಅಧ್ಯಕ್ಷೆ, ಪಕ್ಕದಲ್ಲಿ ಮ್ಯಾನೇಜರ್. ನನ್ನನ್ನು ಕಂಡು ಅವರು ನೀರು ಕುಡಿದರು.

“ನಿಮ್ಮ ದೂರು ಏನಮ್ಮ?” ಅಧ್ಯಕ್ಷೆ ಕೇಳಿದರು.

“ನೀರು ಚೆನ್ನಾಗಿ ಬರ್ತಿದೆ. ಬಿಲ್ಲೂ ಸರಿಯಾಗಿದೆ.”

ಜನ ನಕ್ಕರು. “ಹಾಗಾದ್ರೆ ನಮ್ಮ ಟೋಕನ್ ಮೊದಲು ಕರೀರಿ!” ಎಂದಿತು ಹಿಂದಿನಿಂದ ಒಂದು ದನಿ.

“ನೀರಲ್ಲಿ ಔಷಧಿ ಬದಲಾದ ದಿನ ಡಯಾಲಿಸಿಸ್‌ನವರಿಗೆ ಹೇಳ್ತೀರಾ?”

“ಎಸ್‌ಎಂಎಸ್ ಕಳಿಸಲಾಗುತ್ತದೆ,” ಎಂದರು ಮ್ಯಾನೇಜರ್.

“ತಲುಪದಿದ್ರೆ?”

“ತಲುಪುತ್ತೆ.”

“ತಲುಪದಿದ್ರೆ ಅಂತ ಕೇಳ್ದೆ.”

“ಮೇಡಂ, ನೀವು ನಮ್ಮ ಸ್ಟಾಫು. ಇದು—”

“ಇವತ್ತು ರಜೆ. ಈಗ ನೀವು ನಲ್ಲಿಯ ಆ ತುದೀಲಿದ್ದೀರಿ, ನಾನು ಈ ತುದೀಲಿದ್ದೀನಿ. ಈ ತುದೀಲಿ ನಮ್ಮ ಭಾವನ ರಕ್ತ ಇದೆ.”

ನಗು ನಿಂತಿತು. ಟೋಕನ್‌ಗಾಗಿ ಗದ್ದಲ ಮಾಡಿದ್ದ ಆಸಾಮಿಯೇ ಎದ್ದು ನಿಂತ. “ನಮ್ಮಮ್ಮಂಗೂ ಡಯಾಲಿಸಿಸ್ ಸಾರ್. ಆ ಯಮ್ಮ ಕೇಳ್ತಿರೋದಕ್ಕೆ ಉತ್ತರ ಹೇಳಿ. ನಮ್ಮ ಮೀಟರ್ ಆಮೇಲೆ ನೋಡೋಣ.”

ಅಧ್ಯಕ್ಷೆ ಮೈಕ್ ಬದಿಗಿಟ್ಟು ಮ್ಯಾನೇಜರ್‌ರನ್ನು ಏನೋ ಕೇಳಿದರು. ಅವರು ಏನೋ ಹೇಳಿದರು. ಮತ್ತೆ ಕೇಳಿದರು. ಆಮೇಲೆ ಮೈಕ್: “ಮಾಡಿಟ್ಟಿರೋ ಕೆಲಸವನ್ನ ಯಾಕೆ ಮುಂದಕ್ಕೆ ಹಾಕಿದ್ದೀರಿ? ಹೊಸ ಸಿಸ್ಟಮ್ ಜೊತೆಗೇ ಬರ್ಬೇಕು.”

ಭಾವ ರಾತ್ರಿ ಊಟದ ತಟ್ಟೆಗೆ ಚಮಚ ಬಡಿದು ಗೌರವ ಸಲ್ಲಿಸಿದರು. “ಆದ್ರೂ ನಾದಿನಿ, ಊರಿನ ಮುಂದೆ ನನ್ನ ರಕ್ತದ ವಿಷಯ ತೆಗೆದ್ಯಲ್ಲ. ಸ್ವಲ್ಪ ಶೌರ್ಯದ್ದೇನಾದ್ರೂ ಹೇಳ್ಬಾರದಿತ್ತಾ?”

ಮೇ 5, ಸೋಮವಾರ

ಶಿಸ್ತು ಉಲ್ಲಂಘನೆಗೆ ಕಾರಣ ಕೇಳಿ ನೋಟಿಸು. ‘ಗಮನಿಸಲಾಗಿದೆ’, ‘ಪರಿಗಣಿಸಲಾಗುವುದು’. ಉತ್ತರ ಬರೆದೆ, ಒಂದು ಸಾಲು: ‘ನಾನು ಹೋದೆ, ನಾನು ಕೇಳಿದೆ.’

ಮೇ 19, ಸೋಮವಾರ

ಹೊಸ ಸಿಸ್ಟಮ್ ಶುರು. ‘ಓಗೊಡಲಿಲ್ಲ’ ಒಳಗಿದೆ. ಕೊನೆಯ ಮೆಟ್ಟಿಲಲ್ಲಿ ನನ್ನ ನಂಬರ್. ಕೇಳದೆಯೇ ಇಯರ್‌ಫೋನ್ ತನ್ನದನ್ನೂ ಸೇರಿಸಿದ್ದಾಳೆ. “ಎರಡು ಮಕ್ಕಳಿಗೆ ಎದ್ದೇಳೋಳು ಮೇಡಂ, ಇದ್ಯಾವ ಲೆಕ್ಕ?”

ಜೂನ್ 13, ಶುಕ್ರವಾರ

ಮೇಲೆಲ್ಲೋ ಗುಡ್ಡ ಕುಸಿದು ನದಿ ಟೀ ಬಣ್ಣಕ್ಕೆ ತಿರುಗಿದೆ. ಕೆಮಿಸ್ಟ್ ತಾನಾಗಿ ಫೋನ್ ಮಾಡಿದ. “ನಾಳೆ ಕ್ಲೋರಿನ್ ಜೊತೆ ಅಮೋನಿಯಾ ಸೇರಿಸ್ಬೇಕಾಗ್ಬಹುದು ಮೇಡಂ. ಹೇಳ್ಬೇಕು ಅನ್ನಿಸ್ತು.”

ಜೂನ್ 14, ಶನಿವಾರ. ಬೆಳಿಗ್ಗೆ 10.50

ಅಕ್ಕ-ಭಾವ ಡಯಾಲಿಸಿಸ್‌ಗೆ ಹೋಗಿ ಬಹಳ ಹೊತ್ತಾಯಿತು. ಲ್ಯಾಪ್‌ಟಾಪ್ ತೆರೆದಿಟ್ಟು ಕೂತಿದ್ದೇನೆ. ಈಗಷ್ಟೇ ಬಂತು — ‘ಡೋಸ್ ಬದಲಾಯಿತು.’ ಊರಿನ ಎಲ್ಲ ಕೇಂದ್ರಗಳೂ ಹಳದಿ. ಒಂದೊಂದಾಗಿ ಹಸಿರಾಗುತ್ತಿವೆ. ಪ್ರತಿ ಹಸಿರಿನ ಹಿಂದೆ ಒಂದು ಫೋಟೋ, ಯಾರದೋ ಹೆಬ್ಬೆರಳು, ಒಂದು ಪಟ್ಟಿ. ನೋಡುತ್ತ ಕೂತರೆ ಕಣ್ಣು ತುಂಬುತ್ತದೆ, ಇರಲಿ.

11.05

ಎರಡು ಕೇಂದ್ರ ಕೆಂಪು. ಒಂದು ಸೇತುವೆಯಾಚೆಯದು. ಇನ್ನೊಂದು ನಮ್ಮದು.

ಸೇತುವೆಯಾಚೆಯ ಮೇಲ್ವಿಚಾರಕರು ಫೋನ್ ಎತ್ತಿ, ನೋಡ್ತೇನೆ ಎಂದರಂತೆ. ಸಿಸ್ಟಮ್ ಅವರಿಗೆ ಒಂದು ಗಂಟೆ ಸಮಯ ಕೊಟ್ಟು, ಮುಂದಿನ ಮೆಟ್ಟಿಲಿಗೆ ಹೋಗದೆ ನಿಂತಿದೆ. ನಮ್ಮದರಲ್ಲಿ ಲ್ಯಾಂಡ್‌ಲೈನ್ ಎಂಗೇಜ್, ಮೇಲ್ವಿಚಾರಕರು ರಜೆ. ಅಕ್ಕನಿಗೆ ಮಾಡಿದೆ. ಅವಳ ಫೋನ್ ಅಡುಗೆಮನೆಯಲ್ಲೇ ರಿಂಗಾಯಿತು, ಮರೆತು ಹೋಗಿದ್ದಾಳೆ.

ನನ್ನ ಫೋನ್. ಯಂತ್ರದ ಕರೆ, ಇಯರ್‌ಫೋನ್‌ಳ ದನಿಯಲ್ಲಿ ರೆಕಾರ್ಡ್ ಮಾಡಿದ್ದು: “ಓಗೊಡಲಿಲ್ಲ. ಸ್ಥಳಕ್ಕೆ ಹೋಗಿ.”

ಹೊರಟೆ.

ಮಧ್ಯಾಹ್ನ 12. ಕೇಂದ್ರದ ಕಾರಿಡಾರು

ಟ್ಯಾಕ್ಸಿ. ಸಿಗ್ನಲ್ಲಿನಲ್ಲಿ ಇಳಿದು ಓಡಿದೆ. ಈ ವಯಸ್ಸಿನಲ್ಲಿ ಓಡಿದವಳಿಗೆ ದಾರಿ ಬಿಡುತ್ತಾರೆ, ಅದೊಂದು ಲಾಭ.

ಒಳಗೆ ಒಬ್ಬ ರೋಗಿ ಕುಸಿದಿದ್ದರು. ಬಿಪಿ ಇಳಿದು. ಇದ್ದ ಸಿಬ್ಬಂದಿಯೆಲ್ಲ ಅವರ ಸುತ್ತ. ಲ್ಯಾಂಡ್‌ಲೈನಿನ ರಿಸೀವರ್ ಪಕ್ಕಕ್ಕಿಟ್ಟಿತ್ತು, ಬಡಿದುಕೊಳ್ಳುವುದು ನಿಲ್ಲಲೆಂದು. ಕೇಂದ್ರದ ಮೊಬೈಲ್ ಡ್ರಾಯರಿನಲ್ಲಿ. ಯಾರನ್ನೂ ಬೈಯುವ ಹಾಗಿಲ್ಲ. ಒಂದು ಜೀವ ಹಿಡಿದುಕೊಂಡಿದ್ದರು.

“ಸಿಸ್ಟರ್, ನೀರಲ್ಲಿ ಅಮೋನಿಯಾ ಸೇರಿಸಿದ್ದಾರೆ. ಪರೀಕ್ಷೆ ಮಾಡಿ.”

“ಬೆಳಿಗ್ಗೆ ಮಾಡಿದ್ವಲ್ಲ. ಸ್ವಲ್ಪ ತಾಳಿ ಮೇಡಂ, ಇಲ್ಲಿ—”

“ಬೆಳಗಿನ ನೀರು ಬೇರೆ, ಈಗಿನ ನೀರು ಬೇರೆ. ಈಗಲೇ.”

ನನ್ನ ಮುಖ ನೋಡಿದರು. ಪಟ್ಟಿ ಅದ್ದಿದರು. ಬಣ್ಣ ಬಂತು. ಬರಬಾರದಿತ್ತು. ಇದ್ದಿಲು ಸೋತಿತ್ತು.

ಆಮೇಲೆ ಸಿಸ್ಟರ್ ಹಾಕಿದ ಕೂಗನ್ನು ಯಾವ ಸಿಸ್ಟಮ್ಮೂ ಹಾಕಲಾರದು. ಒಂದೊಂದೇ ಯಂತ್ರ ನಿಂತಿತು.

ಭಾವನಿಗೆ ಆಗಲೇ ಬೆನ್ನು ನೋವು, ಹೊಟ್ಟೆ ತೊಳಸುವುದು ಶುರುವಾಗಿತ್ತಂತೆ. ಹೇಳಿರಲಿಲ್ಲ. ಅತ್ತ ಒಬ್ಬರು ಕುಸಿದಿರುವಾಗ ತನ್ನದೇನು ದೊಡ್ಡಸ್ತಿಕೆ ಎಂದು! ಇಷ್ಟು ವರ್ಷ ಮಕ್ಕಳಿಗೆ ಕೈ ಎತ್ತಿ ಮಾತಾಡಲು ಕಲಿಸಿದ ಮನುಷ್ಯ.

ಎಲ್ಲರ ರಕ್ತ ತೆಗೆದಿದ್ದಾರೆ. ಟ್ಯೂಬುಗಳು ಯಂತ್ರದಲ್ಲಿ ಗಿರಗಿರ ತಿರುಗುತ್ತಿವೆ. ನಿಂತ ಮೇಲೆ ರಕ್ತ ಕೆಳಗಿಳಿದು, ಮೇಲೆ ಉಳಿದ ದ್ರವ ತಿಳಿ ಹಳದಿಯಾಗಿದ್ದರೆ ಕಣಗಳು ಒಡೆದಿಲ್ಲ. ಕೆಂಪಾಗಿದ್ದರೆ... ಅಕ್ಕ ನನ್ನ ಕೈ ಹಿಡಿದಿದ್ದಾಳೆ, ಎಡಗೈ. ಬಲಗೈಯಲ್ಲಿ ಬರೆಯುತ್ತಿದ್ದೇನೆ.

12.15

ಮ್ಯಾನೇಜರ್ ಫೋನ್. ದನಿ ಬೇರೆಯೇ. “ಮೇಡಂ, ಸೇತುವೆ ಆಚೇದು ಇನ್ನೂ ಕೆಂಪಾಗೇ ಇದೆ. ನೋಡ್ತೀನಿ ಅಂದವರು ಈಗ ಎತ್ತುತ್ತಿಲ್ಲ. ಏನ್ ಮಾಡ್ಲಿ?”

“ನೀವು ಎಲ್ಲಿದ್ದೀರಿ?”

“ಮನೇಲಿ. ದೂರ.”

“ಹೊರಡಿ. ನಾನೂ ಹೊರಡ್ತೀನಿ. ಯಾರು ಮೊದ್ಲು ತಲುಪ್ತಾರೋ ತಲುಪ್ಲಿ.”

ಫೋನ್ ಇಟ್ಟ ಮೇಲೆ ನೆನಪಾಯಿತು, ಟ್ಯೂಬುಗಳು ಇನ್ನೂ ತಿರುಗುತ್ತಿವೆ. ಅಕ್ಕನ ಮುಖ ನೋಡಲಾಗಲಿಲ್ಲ. ಅವಳೇ ಕೈ ಬಿಟ್ಟಳು. “ಹೋಗೇ. ಇಲ್ಲಿ ನಾನಿದೀನಿ.”

ತೆರೆದ ಬಾಗಿಲಾಚೆಯ ಹಾಸಿಗೆಯಲ್ಲಿ ಭಾವ ಕಣ್ಣು ತೆರೆಯದೆ, “ನನ್ನ ಮುಖ ನೋಡ್ತಾ ಕೂತ್ರೆ ಆ ಯಂತ್ರ ಬೇಗ ನಿಲ್ಲುತ್ತೇನಮ್ಮ? ಹೊರಡು.”

12.25. ಗೇಟಿನ ಹತ್ತಿರ

ಇಯರ್‌ಫೋನ್ ಸ್ಕೂಟರ್ ತರುತ್ತಿದ್ದಾಳೆ, ಮುಂದಿನ ತಿರುವಿನಲ್ಲಿದ್ದಾಳಂತೆ. ಸುಮ್ಮನೆ ನಿಲ್ಲಲಾರೆ, ಅದಕ್ಕೇ ಇದು. ಗೇಟಿನ ಕಂಬದ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಆ ಕೇಂದ್ರದಲ್ಲಿ ನನ್ನವರು ಯಾರೂ ಇಲ್ಲ. ಎಷ್ಟು ಜನ ಮಲಗಿದ್ದಾರೆ, ಗೊತ್ತಿಲ್ಲ. ಒಬ್ಬರಿಗಾದರೂ ಬೆನ್ನು ನೋಯುತ್ತಿರಬೇಕು, ಹೇಳದೆ ಕೂತಿರಬೇಕು.

ಮೇಲಿನ ಕಿಟಕಿಯಲ್ಲಿ ಅಕ್ಕ. ಕೈಯಲ್ಲಿ ಏನೋ. ಟ್ಯೂಬು! ಸಿಸ್ಟರ್ ಕೈಯಿಂದ ಕಿತ್ತುಕೊಂಡೇ ಬಂದಿರಬೇಕು. ಬೆಳಕಿಗೆ ಹಿಡಿದು ತೋರಿಸುತ್ತಿದ್ದಾಳೆ. ಕನ್ನಡಕ ಎಲ್ಲಿ — ಹಳದಿ. ತಿಳಿ ಹಳದಿಯೇ. ಅಕ್ಕ ಅಳುತ್ತಿದ್ದಾಳೆ, ಇನ್ನೊಂದು ಕೈಯಲ್ಲಿ ಹೋಗು ಹೋಗು ಎನ್ನುತ್ತಿದ್ದಾಳೆ.

ಸ್ಕೂಟರ್ ಬಂತು. ಸೇತುವೆಯಾಚೆ ಇನ್ನೂ ಯಾರೂ ಓಗೊಟ್ಟಿಲ್ಲ. ಹೊರಟೆ.